ಬೀಗರ ಸಾಲಿನಿಂದ ಎದ್ದದ್ದು

ಇಲ್ಲಿ ಕೆಲಸ ಮಾಡದವನಿಗೆ ಮೊದಲು ಊಟ ಬಡಿಸುತ್ತಾರೆ. ಬಂದ ಮೊದಲ ದಿನವೇ ಇದನ್ನು ಕಣ್ಣಾರೆ ಕಂಡೆ. ಬೆಳಗಿನಿಂದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಮೀಸೆ ತೀಡುತ್ತ ಕೂತಿದ್ದ ಶಿವಲಿಂಗಪ್ಪ ಎಂಬ ದಢೂತಿ ಮನುಷ್ಯನನ್ನು "ಬರ್ರಿ, ಬರ್ರಿ" ಎಂದು ಊಟದ ಪಡಸಾಲೆಗೆ ಕರೆತಂದರು. ಕೈಗೆ ನೀರು ಕೊಟ್ಟರು, ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದರು. ಮಗ್ಗದಿಂದ, ಕಬ್ಬಿನ ಹೊಲದಿಂದ ಬೆವರಿಳಿಸಿಕೊಂಡು ಬಂದವರು ತಮ್ಮ ತಮ್ಮ ತಾಟು, ಅಂದರೆ ತಟ್ಟೆ, ಹಿಡಿದು ಸಾಲಾಗಿ ನಿಂತಿದ್ದರು. ಅವರಿಗೆ ತುಪ್ಪವಿಲ್ಲ. ಶಿವಲಿಂಗಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ತುಪ್ಪ ಹಾಕಿಸಿಕೊಂಡ ಇನ್ನೊಬ್ಬಳೆಂದರೆ ನಾನು. ಹೊಸಬಳೆಂಬ ಮರ್ಯಾದೆ ಇರಬೇಕು ಎಂದು ಖುಷಿಯಾಗಿ ತಿಂದೆ.

ಬನಹಟ್ಟಿಯಿಂದ ಮಹಾಲಿಂಗಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ಅರ್ಧ ಗಂಟೆ ನಡೆದರೆ ಈ ಹನ್ನೊಂದು ಮನೆಗಳ ವಸತಿ ಸಿಗುತ್ತದೆ. ಬೇಲಿಯೊಳಗೆ ದುಡ್ಡಿಲ್ಲ, ಯಜಮಾನನಿಲ್ಲ. ಇವರು ನೇಯ್ದ ಸೀರೆ ಪೇಟೆಗೆ ಹೋಗಿ ನೂಲು, ಎಣ್ಣೆ, ಔಷಧಿಯಾಗಿ ವಾಪಸ್ಸು ಬರುತ್ತದೆ. ಯಾರು ಎಷ್ಟು ದುಡಿದರು ಎಂದು ಯಾರೂ ಕೇಳುವುದಿಲ್ಲ; ಹಸಿದವರು ಉಣ್ಣುತ್ತಾರೆ. ಮೈಸೂರಿನ ಸೀರೆ ಮಾರಾಟವೊಂದರಲ್ಲಿ ಪರಿಚಯವಾದ ಗಂಗವ್ವ ಎಂಬ ಅರವತ್ತರ ನೇಕಾರ್ತಿ ಹೇಳಿದಾಗ ನಾನು ನಂಬಿರಲಿಲ್ಲ. ನನ್ನ ತಂಗಿ ಮಂಜುಳ ಈಗಲೂ ನಂಬುವುದಿಲ್ಲ. "ಕೂತವನಿಗೂ ಅನ್ನ ಸಿಗೋದಾದ್ರೆ ಯಾವನು ಎದ್ದು ಕೆಲಸ ಮಾಡ್ತಾನೆ, ಅಕ್ಕ?" ಎಂದು ಕೇಳಿದ್ದಳು.

ಅವಳ ಪ್ರಶ್ನೆಯನ್ನು ಅಲ್ಲೇ ಬಿಟ್ಟು ನಾನು ಹೊರಟುಬಂದೆ. ಇಪ್ಪತ್ತೆರಡು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದವಳು ನಾನು. ಗಡಿಯಾರ ಹಿಡಿದು ಹೊಲಿಗೆಯಂತ್ರಗಳ ಹಿಂದೆ ನಿಂತು, ಹೆಂಗಸರು ನೀರು ಕುಡಿಯಲು ಎದ್ದದ್ದನ್ನೂ ಬರೆದಿಟ್ಟು, ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತ್ತು. ಕೆಲಸ ಬಿಟ್ಟೆ, ಬಾಡಿಗೆ ಮನೆ ಖಾಲಿ ಮಾಡಿದೆ. ವರ್ಷದೊಳಗೆ ಇವರು ನನ್ನನ್ನು ತಮ್ಮವಳೆಂದುಕೊಳ್ಳಬೇಕು, ಇಲ್ಲದಿದ್ದರೆ ನಲವತ್ತಾರರ ವಯಸ್ಸಿನಲ್ಲಿ ನನಗೆ ಎಲ್ಲೂ ನೆಲೆಯಿಲ್ಲ. ಆಗಲೇಬೇಕೆಂದು ಹಟ ತೊಟ್ಟೆ.

ಮೊದಮೊದಲು ಹಟದ ಮುಕ್ಕಾಲು ಪಾಲು ರೊಟ್ಟಿ ಅಗಿಯುವುದಕ್ಕೇ ಖರ್ಚಾಯಿತು. ನಮ್ಮ ಕಡೆ ಮುದ್ದೆ ನುಂಗಿ ಎದ್ದರೆ ಊಟ ಮುಗಿಯಿತು. ಇಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ. ಮಾತೂ ಹಾಗೆಯೇ ಖಡಕ್ಕು. ಅವರವರಲ್ಲಿ "ಲೇ", "ಬೇ" ಎಂದು ಕೂಗಾಡುವಾಗ ಜಗಳವೆಂದು ಹೆದರಿ ಓಡಿಹೋಗಿ ನೋಡಿದರೆ, ನಗುತ್ತಿರುತ್ತಿದ್ದರು. ನನ್ನೊಡನೆ ಮಾತ್ರ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. "ನೀವು ಕುಂದರ್ರಿ" ಎನ್ನುತ್ತಿದ್ದರು. ನಾನೂ ಕೂರುತ್ತಿದ್ದೆ, ಇಲ್ಲವೇ ಓಡಾಡಿಕೊಂಡು ಎಲ್ಲರಿಗೂ ಸಲಹೆ ಕೊಡುತ್ತಿದ್ದೆ.

ಶಿವಲಿಂಗಪ್ಪನನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಮೂರನೆಯ ತಿಂಗಳಲ್ಲಿ ತಡೆಯದೆ ಪಡಸಾಲೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡ ಪಟ್ಟಿ ಗೀಚಿದೆ. ಎಡಕ್ಕೆ ಹೆಸರುಗಳು, ಮೇಲೆ ನೇಯ್ಗೆ, ಅಡಿಗೆ, ನೀರು, ದನ. ಯಾರು ಏನು ಮಾಡಿದರೋ ಅದಕ್ಕೊಂದು ಗೆರೆ. ಯಾರನ್ನೂ ಬಯ್ಯಬೇಕಿಲ್ಲ, ಗೋಡೆಯೇ ಬಯ್ಯುತ್ತದೆ ಎಂದು ಬೀಗಿದೆ. ಯಾರೂ ತಕರಾರು ಮಾಡಲಿಲ್ಲ. ಹೊಸಬಳ ಮನಸ್ಸು ನೋಯಿಸುವುದು ಬೇಡವೆಂದು ಸುಮ್ಮನಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಹದಿನೈದು ದಿನಕ್ಕೆ ಗೋಡೆ ಗೆರೆಗಳಿಂದ ತುಂಬಿತು, ಮಗ್ಗ ನಿಂತಿತು. ಇಲ್ಲಿ ಕೆಚ್ಚುವುದು ಎಂಬ ಕೆಲಸವೊಂದಿದೆ. ಮಗ್ಗದ ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದಕ್ಕೆ ಸೇರಿಸಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆಯಬೇಕು. ಸಾವಿರಾರು ಎಳೆ. ಇದು ಯಾರೊಬ್ಬರ ಕೆಲಸವೂ ಅಲ್ಲ; ಹಾದುಹೋಗುವವರು ಕೂತು, ಹರಟುತ್ತ ಐವತ್ತೋ ನೂರೋ ಎಳೆ ಕೆಚ್ಚಿ ಎದ್ದುಹೋಗುತ್ತಿದ್ದರು. ನನ್ನ ಪಟ್ಟಿಯಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಈಗ ಎಲ್ಲರೂ "ಇವತ್ತ ಯಾರ ಪಾಳಿ ಐತಿ?" ಎಂದು ಕೇಳಿ ಮುಂದೆ ಹೋಗತೊಡಗಿದರು. ಪಾಳಿ ಎಂದರೆ ಸರದಿ. ಮೂರು ಮಗ್ಗಗಳು ಬರಿದಾದವು, ಪೇಟೆಗೆ ಕಳಿಸಲು ಸೀರೆಯಿಲ್ಲ, ಮನೆಯಲ್ಲಿ ಎಣ್ಣೆ ತಳ ಕಂಡಿತು. ಶಿವಲಿಂಗಪ್ಪನ ಹೆಸರಿನ ಮುಂದೆ ಒಂದೂ ಗೆರೆಯಿರಲಿಲ್ಲ. ಅವನು ಅದನ್ನು ನೋಡಲು ಕತ್ತೂ ಎತ್ತಲಿಲ್ಲ.

ಸಿಟ್ಟಿನಿಂದ ಗಂಗವ್ವನ ಬಳಿ ಹೋದೆ. "ಆ ಮನುಷ್ಯನನ್ನು ಹೊರಗೆ ಹಾಕಿ. ಅವನಿಂದಲೇ ಎಲ್ಲರೂ ಕೆಡುತ್ತಿರುವುದು."

ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಬ್ಬಾಂವ ಕುಂತ ಉಂಡ್ರ ಹನ್ನೊಂದ ಮನಿ ಮುಳಗೂದಿಲ್ರಿ. ಅವನ್ನ ಕಾಯಾಕ ನಾಕ ಮಂದಿ ನಿಂತ್ರ ಮುಳಗ್ತಾವು."

"ಹಾಗಂತ ತುಪ್ಪ ಹಾಕಿ ಕೂರಿಸಬೇಕೆ?"

"ದುಡಿಯಾಂವ ಮನಿ ಮನಷ್ಯಾ. ದುಡೀದಾಂವ ಬೀಗರು. ಬೀಗರಿಗೆ ತುಪ್ಪ ಹಾಕಬೇಕಲ್ರಿ, ಕುರ್ಚಿ ಕೊಡಬೇಕಲ್ರಿ. ಅವರ ಕೂಡ ಚಾಷ್ಟಿ ಮಾಡಾಕ ಬರೂದಿಲ್ಲ, ಬೈಯಾಕ ಬರೂದಿಲ್ಲ. ಯಾರಿಗಿ ಎಷ್ಟ ದಿನಾ ಬೀಗರಾಗಿರಾಕ ಆಕ್ಕೈತಿ, ಇರ್ಲಿ." ಇಲ್ಲಿ ಮನೆಗೆ ಬಂದ ನೆಂಟರೆಲ್ಲ ಬೀಗರೇ; ಚಾಷ್ಟಿ ಎಂದರೆ ತಮಾಷೆ. ಆಮೇಲೆ ಅವಳು ಗೋಡೆಯತ್ತ ನೋಡಿ ಮೆಲ್ಲಗೆ ಕೇಳಿದಳು. "ಖರೆ ಹೇಳ್ರಿ. ಇದರಾಗ ನಿಮ್ಮ ಹೆಸರ ಎಲ್ಲೈತ್ರಿ?"

ಇರಲಿಲ್ಲ. ಇಪ್ಪತ್ತೆರಡು ವರ್ಷ ಬರೆದ ಯಾವ ಪಟ್ಟಿಯಲ್ಲೂ ನಾನು ನನ್ನ ಹೆಸರು ಬರೆದವಳಲ್ಲ. ಆ ಎರಡನೆಯ ಕುರ್ಚಿ, ತುಪ್ಪ, "ನೀವು ಕುಂದರ್ರಿ" ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಮೂರು ತಿಂಗಳು ನಾನು ಮರ್ಯಾದೆಯೆಂದು ಉಂಡದ್ದು ದುಡಿಯದ ಬೀಗರ ತುಪ್ಪವನ್ನೇ. ನಾಚಿಕೆಯಿಂದ ಕಿವಿ ಬಿಸಿಯಾದವು. ಊರಿಗೆ ಓಡಿಹೋಗೋಣ ಎಂದೂ ಅನಿಸಿತು, ಸುಳ್ಳೇಕೆ ಹೇಳಲಿ.

ಓಡಲಿಲ್ಲ. ಒದ್ದೆ ಬಟ್ಟೆಯಿಂದ ಗೋಡೆ ಒರೆಸಿ, ಬೂದಿ ಹಚ್ಚಿಕೊಂಡು ಮಗ್ಗದ ಮುಂದೆ ಕೂತೆ. ನಾನು ಹೊಸೆದ ಎಳೆಗಳು ಎಳೆದ ಕೂಡಲೇ ಕಿತ್ತುಬರುತ್ತಿದ್ದವು. ಬೆರಳ ತುದಿ ಒಡೆಯಿತು, ಸೊಂಟ ಹಿಡಿಯಿತು. ಎರಡನೆಯ ದಿನ ಯಾರೋ ಒಬ್ಬರು ಎದುರಿಗೆ ಕೂತು ಐವತ್ತು ಎಳೆ ಕೆಚ್ಚಿದರು, ಸಂಜೆಗೆ ಮತ್ತಿಬ್ಬರು. ಮಗ್ಗ ಓಡಿತು. ನನ್ನ ಎಳೆ ಗಟ್ಟಿಯಾಗಲು ಮಾತ್ರ ಮಳೆಗಾಲ ಮುಗಿಯಬೇಕಾಯಿತು. ಅಲ್ಲಿಯವರೆಗೂ ತುಪ್ಪ ಬೀಳುತ್ತಲೇ ಇತ್ತು.

ಒಂದು ಮಧ್ಯಾಹ್ನ ಅಭ್ಯಾಸಬಲದಿಂದ ಕುರ್ಚಿಯ ಕಡೆ ಹೋದೆ. ಹಿಂದಿನಿಂದ ಗಂಗವ್ವನ ದನಿ ಬಂತು. "ಏ ಸುನಂದಾ! ಅಲ್ಲಿ ಯಾಕ ಹೊಂಟಿ ಬೇ? ನಿನ್ನ ತಾಟ ನೀ ತಗೊಂಡ ಸಾಲಿಗಿ ನಿಂದ್ರ!"

ತುಪ್ಪವಿಲ್ಲದ ಒಣರೊಟ್ಟಿ. ಅಳುತ್ತಲೇ ಉಂಡೆ, ಎಲ್ಲರೂ ನಕ್ಕರು. ಶಿವಲಿಂಗಪ್ಪ ನನ್ನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ, "ನೀವೂ ಎದ್ದ ಹ್ವಾದ್ರೆಲ್ರಿ. ನನಗ ಒಬ್ಬಾವಂಗ ಬ್ಯಾಸರ ಆಕ್ಕೈತಿ" ಎಂದ. ಅವನು ಈಗಲೂ ಅಲ್ಲೇ ಕೂತಿದ್ದಾನೆ. ಏಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ, ಈಗೀಗ ನೋಡುವುದನ್ನೂ ಬಿಟ್ಟಿದ್ದೇನೆ.

ಕಳೆದ ತಿಂಗಳು ಎರಡು ದಿನ ಮೈಸೂರಿಗೆ ಹೋಗಿದ್ದೆ. ಮಂಜುಳ ಈಗಿರುವುದು ನಾವಿಬ್ಬರೂ ಹುಟ್ಟಿ ಬೆಳೆದ ಮನೆಯಲ್ಲೇ. ಮಣೆ ಹಾಕಿ ಕೂರಿಸಿದಳು, ಎಲ್ಲರಿಗಿಂತ ಮೊದಲು ಬಡಿಸಿದಳು, ಬಿಸಿ ಅನ್ನದ ಮೇಲೆ ಎರಡು ಚಮಚ ತುಪ್ಪ ಹಾಕಿದಳು. ಉಂಡು ತಟ್ಟೆ ತೊಳೆಯಲು ಎದ್ದರೆ ಅದಕ್ಕೆ ಕೈ ಹಾಕಿ ಹಿಡಿದುಕೊಂಡಳು.

"ಬಿಡು ಅಕ್ಕ, ಬಂದಿರೋದೇ ಎರಡು ದಿನಕ್ಕೆ. ನೀನು ಕೂತ್ಕೋ."

ಅವಳು ತಟ್ಟೆ ಬಿಡಲಿಲ್ಲ. ನಾನೂ ಬಿಡಲಿಲ್ಲ.