ಬೇಲಿಯಕ್ಕ ಕೆರೆದ ಕೆಂಪು ಪಟ್ಟಿ

ಬೇಲಿಯಕ್ಕನ ಮುತ್ತಜ್ಜ ಬಂಡೆ ಸೀಳಿ ಹೊಲ ಮಾಡಿದವನು. ಪಕ್ಕದವನು ಸದ್ದಿಲ್ಲದೆ ಗಡಿಕಲ್ಲು ಸರಿಸಿದಾಗ ಅದನ್ನು ಎತ್ತಿ ಹಳೆಯ ಜಾಗಕ್ಕೆ ನೆಟ್ಟು, ಅದರ ಮಗ್ಗುಲಲ್ಲೇ ಗುಡಿಸಲು ಹಾಕಿ ಒಂದು ವರ್ಷ ಕೂತವನು ಅಜ್ಜ. ಅಪ್ಪ ಮಾತ್ರ ಮೆತ್ತಗಿನ ಆಸಾಮಿ. ನಯವಾಗಿ ಮಾತಾಡಿದವನೊಬ್ಬನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅರ್ಧ ಹೊಲ ಕಳೆದ. ಅಂಥವನ ಮಗಳು ಎರಡೂ ಕಣ್ಣು ಬೇಲಿಯ ಮೇಲಿಟ್ಟೇ ಬೆಳೆದಳು. ಊರು ಹೆಸರನ್ನೂ ಹಾಗೇ ಇಟ್ಟಿತು.

ಅವಳ ಮಗಳು ಬಡಗಿ. ಮರದಂಗಡಿಯವನು ಕೊಟ್ಟ ಹಸಿ ಹಲಗೆ ಸೊಟ್ಟಗಾಗಿ, ಮಾಡಿಕೊಟ್ಟ ಬಾಗಿಲುಗಳು ವಾಪಸು ಬಂದ ವರ್ಷ ಅಕ್ಕ ಬದುವಿನ ಮೇಲೆ ಹನ್ನೊಂದು ಹೆಬ್ಬೇವಿನ ಸಸಿ ನೆಟ್ಟಳು. ಮಗಳು ಇನ್ನೊಬ್ಬರ ಮರ ಮುಟ್ಟಕೂಡದು ಎಂಬುದೊಂದೇ ಹಟ.

ಗಿಡಗಳು ತಲೆಯೆತ್ತರ ದಾಟಿದ ಮೇಲೆ ಶಾಲೆಯ ಕೋಣೆಯಲ್ಲಿ ರೈತರಿಗೆ ಮರ ಬೆಳೆಸುವ ತರಬೇತಿ ಶುರುವಾಯಿತು. ಕಲಿಸುವವಳು ಬೈಕಿನಲ್ಲಿ ಬರುವ ಒಬ್ಬ ಮೇಡಂ. ಪುಕ್ಕಟೆ ಪಾಠ ಎಂದ ಕೂಡಲೇ ಅಕ್ಕನ ಮೂಗಿಗೆ ಮೋಸದ ವಾಸನೆ ಬಡಿಯಿತು. ಹೋಗದೆ ಇರಲೂ ಆಗದು, ಹೋಗಿ ಸಹಿ ಹಾಕಲೂ ಆಗದು. ಹಾಜರಿ ಪುಸ್ತಕ ಬೆಂಚಿನಿಂದ ಬೆಂಚಿಗೆ ತಿರುಗಿ ಮೇಜು ಸೇರುವವರೆಗೆ ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದು, ಆಮೇಲೆ ಹಿಂದಿನ ಬೆಂಚಿಗೆ ಬಂದು ಕೂರುತ್ತಿದ್ದಳು. ಹೀಗಾಗಿ ಪ್ರತಿ ಪಾಠದ ತಲೆ ತಪ್ಪಿ ಬಾಲವಷ್ಟೇ ಸಿಗುತ್ತಿತ್ತು.

ಮೂರನೆಯ ವಾರ ಮೇಡಂ ಹೊಲದಿಂದ ಹೊಲಕ್ಕೆ ಹೋಗಿ ಮರಗಳಿಗೆ ಎದೆಯೆತ್ತರದಲ್ಲಿ ಕೆಂಪು ಪಟ್ಟಿ ಬಳಿದಳು. ಪಟ್ಟಿಯ ಕೆಳಗಿನ ರೆಂಬೆಗಳನ್ನು ಕತ್ತರಿಸಬೇಕೆಂದು ಪಾಠದ ಮೊದಲಿಗೇ ಹೇಳಿದ್ದಳು. ಮಗಳು ಸರಿ ಎಂದದ್ದಕ್ಕೆ, ಅಕ್ಕ ಗಿರಣಿಗೆ ಹೋಗಿದ್ದಾಗ ಅವಳ ಮರಗಳಿಗೂ ಬಣ್ಣ ಬಿತ್ತು. ಹಿಟ್ಟಿನ ಚೀಲ ಇಳಿಸಿದ ಅಕ್ಕ ಅದನ್ನು ಕಂಡಳು. ಇಂದು ಗುರುತು ಹಾಕಿದವರು ನಾಳೆ ಮರವೇ ನಮ್ಮದು ಎನ್ನುವವರು ತಾನೆ! ಕುಡುಗೋಲು ತಂದು, ತೊಗಟೆಯ ಸಂದಿನಲ್ಲೂ ಕೆಂಪು ಉಳಿಯದಂತೆ, ಒಳಗಿನ ಬಿಳಿ ಕಾಣುವವರೆಗೆ ಹನ್ನೊಂದನ್ನೂ ಸುತ್ತ ಕೆರೆದಳು.

ಎರಡು ತಿಂಗಳಲ್ಲಿ ಎಲೆ ಹಳದಿಗೆ ತಿರುಗಿತು. ಬಣ್ಣದಲ್ಲಿ ವಿಷವಿದೆ ಎಂದಳು ಅಕ್ಕ. ಅದೇ ಬಣ್ಣ ಹೊತ್ತ ಪಕ್ಕದ ಹೊಲದ ಮರಗಳು ಹಸಿರಾಗೇ ಇದ್ದವಲ್ಲ ಎಂದು ಮಗಳು ಕೇಳಿದರೆ, ಆ ಹೊಲದವನು ಸಹಿ ಹಾಕಿದವನು, ಅವನಿಗೆ ಒಳ್ಳೆಯ ಡಬ್ಬಿಯ ಬಣ್ಣ ಎಂದಳು.

ಮೇಡಂ ಬಂದು ಗಾಯದ ಮೇಲೆ ಬೆರಳಾಡಿಸಿದಳು. ಎಲೆ ಮಾಡಿದ ಅನ್ನ ತೊಗಟೆಯ ದಾರಿಯಲ್ಲೇ ಬೇರಿಗೆ ಇಳಿಯುವುದು, ಸುತ್ತ ಕೆರೆದರೆ ಬೇರು ಉಪವಾಸ ಎಂದು ವಿವರಿಸಿದಳು.

"ಹಿಂಗೆ ಮಾಡಿದ್ದು ಯಾರು?"

"ಇನ್ಯಾರು, ನಮ್ಮನೆ ಪೊಲೀಸು," ಎಂದಳು ಮಗಳು.

ಅಕ್ಕ ಪಕ್ಕದ ಹೊಲದ ಕಡೆ ನೋಡಿದಳು, ಕುಡುಗೋಲಿನ ಕಡೆ ನೋಡಿದಳು.

ಬೇರು ಸೊರಗುವ ಮುಂಚೆ ನೆಲದಿಂದ ಗೇಣೆತ್ತರಕ್ಕೆ ಓರೆಯಾಗಿ ಕೊಯ್ದರೆ ಬುಡದಿಂದ ಚಿಗುರು ಬರುತ್ತದೆ, ಒಂದನ್ನು ಉಳಿಸಿಕೊಂಡರೆ ಮತ್ತೆ ಮರವಾಗುತ್ತದೆ ಎಂದಳು ಮೇಡಂ. ನಾಳೆಯೇ ಗರಗಸದ ಆಳುಗಳನ್ನು ಕಳಿಸುವೆ, ಒಪ್ಪಿಗೆ ಕಾಗದಕ್ಕೊಂದು ಸಹಿ ಸಾಕು ಎಂದೂ ಸೇರಿಸಿದಳು.

ಸಹಿ ಎಂದದ್ದೇ ತಡ, ಅಕ್ಕ ಸೆಟೆದು ನಿಂತಳು. ಓರೆ ಯಾವ ಕಡೆಗೆ ಎಂದು ಎರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ ಮಗಳ ಗರಗಸ ಇಸಿದುಕೊಂಡಳು.

"ಕಲಿಸಿದೆಯಲ್ಲ ತಾಯಿ, ಅಷ್ಟು ಸಾಕು. ಕೆಡಿಸಿದೋಳು ನಾನು, ಕೊಯ್ಯೋಳೂ ನಾನೇ. ನಿನ್ನ ಆಳೂ ಬೇಡ, ಕಾಗದವೂ ಬೇಡ. ಬದುವಿನಾಚೆ ನಿಂತ್ಕೊಂಡು ನೋಡು, ತಪ್ಪು ಕಂಡ್ರೆ ಅಲ್ಲಿಂದಲೇ ಹೇಳು."