ಕಷಾಯ, ಕಂಬಳಿ ಮತ್ತು ನನ್ನ ಪರೀಕ್ಷೆ

“ನಮ್ಮ ಮನೆಗೆ ಅಕ್ಷರ ಆಗಿಬರಾಕಿಲ್ಲ” ಎಂದವರು ನಮ್ಮ ದೊಡ್ಡಪ್ಪ. ಹಗೆತನದ ಮಾತಲ್ಲ ಅದು. ನಮ್ಮ ಕಡೆ ಒಂದೊಂದು ಮನೆಗೆ ಒಂದೊಂದು ಆಗಿಬರುವುದಿಲ್ಲ. ಒಬ್ಬರು ಹಾಗಲಬಳ್ಳಿ ಹಬ್ಬಿಸುವುದಿಲ್ಲ, ಇನ್ನೊಬ್ಬರು ಕರಿ ಎತ್ತು ಕಟ್ಟುವುದಿಲ್ಲ. ಯಾಕೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ನಮ್ಮ ಮನೆಯ ಪಟ್ಟಿಗೆ ದೊಡ್ಡಪ್ಪ ಪುಸ್ತಕವನ್ನು ಸೇರಿಸಿದ್ದರು, ಅಷ್ಟೇ.

ಇವತ್ತು ಇದೆಲ್ಲ ನೆನಪಾಗಲು ಕಾರಣ ಲಕ್ಕಿ ಸೊಪ್ಪಿನ ವಾಸನೆ. ಎರಡು ದಿನದಿಂದ ನನಗೆ ನೆಗಡಿ, ಮೈಕೈ ನೋವು. ಸೊಸೆ ಮಾತ್ರೆ ಕೊಟ್ಟಳು, ನುಂಗಿದೆ, ವಿದ್ಯಾವಂತನಲ್ಲವೇ. ಆದರೂ ಬೆಳಿಗ್ಗೆ ಬೇಲಿಯ ಕಡೆ ಹೋಗಿ ಒಂದು ಹಿಡಿ ಲಕ್ಕಿ ಸೊಪ್ಪು ಮುರಿದು ತಂದು, ಸ್ನಾನದ ನೀರಿಗೆ ಹಾಕೆಂದೆ. ನೀರು ಕುದಿಯುತ್ತಿದ್ದಂತೆ ಆ ಕಹಿ, ಘಾಟು ವಾಸನೆ ಮನೆಯೆಲ್ಲ ತುಂಬಿತು. ನಿಮಗೂ ಗೊತ್ತಿದ್ದೀತು, ಕೆಲವು ವಾಸನೆಗಳು ಮೂಗಿಗೆ ಬಡಿಯುವ ಮೊದಲೇ ಬೆನ್ನಿಗೆ ಬಡಿಯುತ್ತವೆ.

ನಮ್ಮೂರು ತ್ಯಾವಣಿಗೆಯ ಹತ್ತಿರದ ಒಂದು ಹಳ್ಳಿ. ನಾನು ಎರಡು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು, ಅಮ್ಮ ಅದಕ್ಕೂ ಮೊದಲೇ. ಸಾಕಿದವರು ಅಜ್ಜಿ ಮತ್ತು ಅವರ ಹಿರಿಮಗ, ಈ ದೊಡ್ಡಪ್ಪ. ಅಪ್ಪನೂ ಚಿಕ್ಕಂದಿನಲ್ಲಿ ಶಾಲೆಗೆ ಹೋದವರೇ. ಚನ್ನಗಿರಿಗೆ ಪರೀಕ್ಷೆ ಕಟ್ಟಲು ಹೊರಟಾಗ ದಾರಿಯಲ್ಲೇ ಜ್ವರ ಏರಿ, ಗಾಡಿ ಅರ್ಧ ದಾರಿಯಿಂದ ಹಿಂದಕ್ಕೆ ತಿರುಗಿತಂತೆ. ಆ ಗಾಡಿ ಹೊಡೆದವರು ದೊಡ್ಡಪ್ಪ. ಅಪ್ಪ ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ದೊಡ್ಡಪ್ಪನ ಆ ಮಾತು ಹುಟ್ಟಿದ್ದು ಅವತ್ತು.

ನಾನು ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಾದ ವರ್ಷ, ಪರೀಕ್ಷೆಗೆ ಇನ್ನು ಐದು ದಿನ ಇರುವಾಗ, ನನಗೂ ಜ್ವರ ಬಂತು. ಹೋಗಿ ಹೋಗಿ ಅದೇ ಪರೀಕ್ಷೆ, ಅದೇ ಚನ್ನಗಿರಿ. ದೊಡ್ಡಪ್ಪ ನನ್ನ ಹಣೆ ಮುಟ್ಟಿ ನೋಡಿ, ಕೊಟ್ಟಿಗೆಯ ಕಡೆ ಹೊರಟರು. ಆ ಹಳೇ ಮಾತನ್ನೇ ಅಂದಿದ್ದರೂ ಚೆನ್ನಾಗಿತ್ತು.

ಅಜ್ಜಿಗೆ ಆಗಿಬರುವುದು, ಬರದೇ ಇರುವುದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ಬೆವರು ಬಂದರೆ ಜ್ವರ ಹೋಯಿತು. ಶುಂಠಿ, ಮೆಣಸು, ಕೊತ್ತಂಬರಿ ಬೀಜ, ತುಳಸಿ, ಜೊತೆಗೆ ಅಮೃತಬಳ್ಳಿಯ ತುಂಡು ಜಜ್ಜಿ ಹಾಕಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುತ್ತಿದ್ದರು. ಬೆಲ್ಲ ಕೇಳಿದರೆ, “ಜ್ವರಕ್ಕೂ ಸಿಹಿ ಬೇಕೇನೋ? ಅದು ಉಂಡು ಇಲ್ಲೇ ಕೂತ್ಕೊಂಡ್ರೆ ಏನ್ಮಾಡ್ತೀಯ?” ಅನ್ನುವರು. ಕುಡಿದ ಮೇಲೆ ಬಚ್ಚಲು. ಹಂಡೆಯಲ್ಲಿ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರನ್ನು ತಂಬಿಗೆ ತಂಬಿಗೆಯಾಗಿ ಬೆನ್ನಿಗೆ ಸುರಿಯುವರು. ನಾನು ಕುಣಿದರೆ ತಂಬಿಗೆಯೂ ನನ್ನ ಜೊತೆ ಕುಣಿಯುತ್ತಿತ್ತು, ಗುರಿ ಮಾತ್ರ ತಪ್ಪುತ್ತಿರಲಿಲ್ಲ. ಮೈ ಒರೆಸಿದ ಕೂಡಲೇ ದೊಡ್ಡಪ್ಪನ ಕರಿ ಕಂಬಳಿ. ಜಗಳೂರು ಕಡೆಯಿಂದ ತಂದದ್ದು, ಮುಳ್ಳಿನ ಹಾಗೆ ಚುಚ್ಚುವಂಥದ್ದು. ಅದೂ ಉರಿ ಬೇಸಿಗೆಯಲ್ಲಿ.

ಎರಡು ದಿನ ಹೀಗೆ ಮಾಡಿದರೂ ಬೆವರು ಬರಲಿಲ್ಲ. ಮೂಗಿನ ತುದಿಯೂ ಒದ್ದೆಯಾಗಲಿಲ್ಲ.

“ಅವ್ವಾ, ಸಾಕು ಬಿಡು” ಎಂದರು ದೊಡ್ಡಪ್ಪ. “ನಾಳೆ ಮೇಷ್ಟ್ರಿಗೆ ಹೇಳಿ ಬರ್ತೀನಿ, ಹುಡುಗ ಬರಾಕಿಲ್ಲ ಅಂತ.”

ಕಂಬಳಿಯೊಳಗೆ ಮಲಗಿದ್ದ ನನಗೆ ಜ್ವರಕ್ಕಿಂತ ಆ ಮಾತೇ ಹೆಚ್ಚು ಸುಟ್ಟಿತು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ನನ್ನ ಕೈಗೆ ಬರುವುದು ಪುಸ್ತಕವಲ್ಲ, ನೇಗಿಲು.

ಬೆವರು ಬಾರದ ಗುಟ್ಟು ನನಗೆ ಗೊತ್ತಿತ್ತು. ಹೇಳಲು ನಾಚಿಕೆ. ಅಜ್ಜಿ ಅತ್ತ ಹೋದ ತಕ್ಷಣ ನಾನು ಕಂಬಳಿಯ ಅಂಚು ಎತ್ತಿ, ಬೆಳಕಿಗೆ ಕೈ ಚಾಚಿ, ಭೂಗೋಳದ ಪುಸ್ತಕ ಓದುತ್ತಿದ್ದೆ. ಪರೀಕ್ಷೆ ಪಾಸು ಮಾಡಲು ಓದಿ ಓದಿ, ಪರೀಕ್ಷೆಗೇ ಹೋಗದಂತೆ ಮಾಡಿಕೊಳ್ಳುತ್ತಿದ್ದೆ. ಮೂರನೆಯ ದಿನ ಅಜ್ಜಿ ನೀರಿನ ಚೊಂಬು ಮರೆತು ಹೋದವರು ಸಟ್ಟನೆ ತಿರುಗಿ ಬಂದರು, ಸಿಕ್ಕಿಬಿದ್ದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಪುಸ್ತಕ ಕಿತ್ತುಕೊಂಡು, ನನ್ನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ಕಂಬಳಿ ಎಳೆದು, ನಾಲ್ಕೂ ಅಂಚನ್ನು ಮೈಕೆಳಗೆ ಒತ್ತಿ ಸೇರಿಸಿದರು. “ಅದೂ ನಿನ್ನ ಜೊತೆ ಬೆವರ್ಲಿ. ಒಳಗೆ ಏನೈತೋ ಎಲ್ಲಾ ಹೊರಗೆ ಬರ್ತೈತೆ” ಎಂದು, ಎದ್ದು ಹೋಗದೆ ನನ್ನ ತಲೆದಿಂಬಿಗೆ ಒರಗಿ ಅಲ್ಲೇ ಕೂತರು.

ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಇರುವೆ ಹರಿದಂತಾಯಿತು. ಆಮೇಲೆ ಕತ್ತು, ಎದೆ, ಬೆನ್ನು. ಮೈಯಿಂದ ಬೆವರು ಕೆರೆ ಕೋಡಿ ಬಿದ್ದಂತೆ ಹರಿಯಿತು. ಅಜ್ಜಿ ಕಂಬಳಿಯೊಳಗೆ ಕೈಯಾಡಿಸಿ, ಒದ್ದೆ ಅಂಗೈಯನ್ನು ದೊಡ್ಡಪ್ಪನ ಮುಖದ ಮುಂದೆ ಹಿಡಿದರು. “ನೋಡು. ಗಾಡಿ ಕಟ್ಟು.” ಭೂಗೋಳ ಪುಸ್ತಕದ ರಟ್ಟು ಊದಿಕೊಂಡಿತ್ತು. ನನ್ನ ತಲೆ ಮಾತ್ರ ಹಗುರಾಗಿತ್ತು. ಅಷ್ಟು ಹಗುರ ನಾನು ಮತ್ತೆಂದೂ ಅನುಭವಿಸಿಲ್ಲ.

ಆದರೆ ಅಜ್ಜಿಯದು ಇನ್ನೊಂದು ಕಟ್ಟಳೆ ಇತ್ತು: ಬೆವರು ತೆಗೆಸಿದ ಮೈಗೆ ಮೂರು ದಿನ ಗಾಳಿ ತಾಗಬಾರದು. ಹಾಗಾಗಿ ಮಾರನೆಯ ದಿನ ಕಂಬಳಿ ಸುತ್ತಿಕೊಂಡೇ ಗಾಡಿ ಹತ್ತಿದೆ. ಅಪ್ಪನ ಗಾಡಿ ತಿರುಗಿದ ಜಾಗ ಬಂದಾಗ ದೊಡ್ಡಪ್ಪ ಹಿಂದಕ್ಕೆ ಕೈ ಚಾಚಿ ನನ್ನ ಹಣೆ ಮುಟ್ಟಿದರು. ತಣ್ಣಗಿತ್ತು. ಎತ್ತಿಗೆ ಹೈ ಎಂದರು, ಗಾಡಿ ಮುಂದಕ್ಕೆ ಸಾಗಿತು.

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಸೆಕೆಗೆ ಗಾಳಿ ಬೀಸಿಕೊಳ್ಳುತ್ತಿದ್ದರೆ ನಾನು ಒಬ್ಬನೇ ತಲೆಯವರೆಗೆ ಕಂಬಳಿ ಹೊದ್ದು ಕೂತಿದ್ದೆ. ಮೇಲ್ವಿಚಾರಕರು ಸುಮ್ಮನಿರುತ್ತಾರೆಯೇ? “ತೆಗಿ ಅದನ್ನ. ಒಳಗೆ ಏನಿಟ್ಟಿದೀಯ?” ಎಂದು ತಾವೇ ಎಳೆದು ಕೊಡವಿದರು. ಎರಡು ಒಣ ಲಕ್ಕಿ ಎಲೆ, ಒಂದು ಮೆಣಸಿನ ಕಾಳು ಬಿದ್ದವು. ಹುಡುಗರೆಲ್ಲ ನಕ್ಕರು.

ಬಾಗಿಲ ಹೊರಗಿನಿಂದ ದೊಡ್ಡಪ್ಪ ಹೇಳಿದರು: “ಸ್ವಾಮೇರಾ, ಅದು ನನ್ನ ಕಂಬಳಿ ಕಣ್ರೀ. ಇಷ್ಟು ವರ್ಷ ನಾನು ಹೊದ್ದೀನಿ, ನನಗೇ ಒಂದಕ್ಷರ ಕಲಿಸಿಲ್ಲ. ಅವನಿಗೇನು ಹೇಳಿಕೊಟ್ಟೀತು? ಜ್ವರದಿಂದ ಎದ್ದಾನೆ, ಗಾಳಿ ತಾಗಬಾರ್ದು. ಹೊದ್ದುಕೊಳ್ಳಾಕೆ ಬಿಡ್ರಿ.”

ಮೇಲ್ವಿಚಾರಕರು ಕಂಬಳಿಯನ್ನು ತಾವೇ ನನ್ನ ಹೆಗಲಿಗೆ ಹೊದಿಸಿ, “ಬರಿಯಪ್ಪ” ಎಂದರು.

ಬರೆದೆ. ಪಾಸಾದೆ. ಅಲ್ಲಿಂದ ಮುಂದೆ ಹೈಸ್ಕೂಲು, ಆಮೇಲೆ ಕಾಲೇಜು, ವಾರಾನ್ನದ ಮನೆಗಳು, ಬೀದಿ ದೀಪ. ಅದನ್ನೆಲ್ಲ ಹೇಳಿಕೊಂಡರೆ ಜಂಬವಾದೀತು. ಸ್ವಲ್ಪ ಜಂಬ ಇದೆ, ಇರಲಿ. ನಮ್ಮ ಮನೆತನದಲ್ಲಿ ಬಿ.ಎ. ಆದವನು ನಾನೇ ಮೊದಲು.

ಈಗ ಬಿಸಿನೀರು ಹೊಯ್ದುಕೊಂಡು, ಹೊದ್ದು ಮಲಗಿ, ಹಣೆಯ ಬೆವರು ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮಾತ್ರೆಯೋ, ಲಕ್ಕಿಯೋ, ಸೊಸೆಯ ಜೊತೆ ವಾದ ಬೇಡ. ಎದುರು ಗೋಡೆಯಲ್ಲಿ ನನ್ನ ಪದವಿ ಪತ್ರ ತೂಗುತ್ತಿದೆ. ಗಾಜಿನೊಳಗೆ ಒಂದು ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿದೆ. ಕಟ್ಟು ಬಿಚ್ಚಿಸಿ ತೆಗೆಸಬೇಕೆಂದು ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ಇನ್ನು ತೆಗೆಸುವುದಿಲ್ಲ.

ಆ ಪತ್ರ ತಂದ ದಿನ ಅಜ್ಜಿ ಇರಲಿಲ್ಲ. ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದರು. ಕೈಗೆ ಕೊಟ್ಟೆ. ಪಂಚೆಗೆ ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡರು. ತಲೆಕೆಳಗಾಗಿ ಹಿಡಿದಿದ್ದರು, ನಾನು ಸರಿಮಾಡಲಿಲ್ಲ. ಬಹಳ ಹೊತ್ತು ನೋಡಿ, ಹೆಗಲ ಮೇಲಿನ ಕಂಬಳಿ ಇಳಿಸಿ, ಅದರಲ್ಲಿ ಪತ್ರವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡರು.

“ಮೂರು ದಿನ ಗಾಳಿ ತಾಗಬಾರ್ದು ಕಣೋ” ಎಂದರು. “ಆಮ್ಯಾಲೆ ಊರಿಗೆಲ್ಲಾ ನಾನೇ ತೋರಿಸ್ತೀನಿ.”