ಮಸ್ಕತ್‌ನಿಂದ ಒಬ್ಬ ಸದಸ್ಯ

ಮೂಡುಬಿದಿರೆಯಲ್ಲಿ ಕುಳಿತು ನಾನು ಬಿಡಿಸುವ ಆನ್‌ಲೈನ್ ಕಾಮಿಕ್ಸ್ ನಡೆಯುವುದು ಓದುಗರ ತಿಂಗಳ ಸದಸ್ಯತ್ವದಿಂದ. ಅದರ ನಾಯಕ, ಸಪ್ಲಾಯರ್‌ಗಳಿಗೆ ಸದಾ ಬೈಯುವ ಹೋಟೆಲ್ ಧಣಿ. ಮಸ್ಕತ್‌ನಲ್ಲಿ ಹೋಟೆಲ್ ಇಟ್ಟಿರುವ ಸೋದರಮಾವನನ್ನೇ ನೋಡಿ ಬಿಡಿಸಿದ್ದು. ಅವರು ಕಾಮಿಕ್ಸ್ ಓದುವವರಲ್ಲ ಎಂಬ ಧೈರ್ಯ ನನಗಿತ್ತು.

ಬಂಟ್ವಾಳದ ಒಂದು ಮದುವೆಯ ಊಟಕ್ಕೆ ಮಾವ ನನ್ನ ಪಕ್ಕದಲ್ಲೇ ಕುಳಿತರು.

"ಮೊದಲ ತಿಂಗಳಿನಿಂದ ನಾನು ನಿನ್ನ ಸದಸ್ಯ. ಬೇರೆ ಹೆಸರಿನಲ್ಲಿ," ಎಂದರು ಮೆಲ್ಲಗೆ.

"ಎಲ್ಲ ಓದಿದ್ದೀರಾ ಮಾವ?"

"ಓದದೆ ಮತ್ತೆ? ನಮ್ಮ ಸಪ್ಲಾಯರ್‌ಗಳೂ ಓದ್ತಾರೆ. ನಾನು ಅಷ್ಟು ಬೈತೇನಾ ಮಾರಾಯ?"

ಎದ್ದು ಹೋಗುವ ಹಾಗೂ ಇರಲಿಲ್ಲ, ಪಾಯಸ ಇನ್ನೂ ಬಂದಿರಲಿಲ್ಲ.

ಪಾಯಸ ಬಂದ ಮೇಲೆ ಮಾವ ಹೇಳಿದರು, "ನಿಲ್ಲಿಸಬೇಡ. ಈಗ ಬೈಯುವುದು ಕಡಿಮೆ ಮಾಡಿದ್ದೇನೆ."

ಮರುತಿಂಗಳು ಅತ್ತೆಯೂ ಸದಸ್ಯೆಯಾದರು. ಅವರನ್ನು ಕಥೆಗೆ ತರುವ ಯೋಚನೆಯನ್ನು ಅಂದೇ ಕೈಬಿಟ್ಟೆ.